ಟೂ-ಸ್ಟ್ರೋಕ್ ಡರ್ಟ್ ಬೈಕಿನ ಕಾರ್ಬ್ಯುರೇಟರ್ ಟ್ಯೂನಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಮಣ್ಣಿನ ಹಾದಿಗೆ ಇಳಿಯುವ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆಯವು ಕಾಣುತ್ತವೆ. 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100ರಂಥ ಬೈಕುಗಳನ್ನು ಬಿಚ್ಚಿ ತೋಟದ ದಾರಿಗೂ ಡರ್ಟ್ ಟ್ರ್ಯಾಕಿಗೂ ಸಜ್ಜುಗೊಳಿಸಿದವು ಒಂದು ಬಗೆ. ಅದೇ ಕಂಪನಿಯ ವೈಜೆಡ್ 125ರಂತೆ ಹುಟ್ಟಿನಿಂದಲೇ ಮೋಟೋಕ್ರಾಸ್‌ಗೆಂದು ಮಾಡಿದವು ಇನ್ನೊಂದು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್‌ಗಳ ಗಾತ್ರ ಎರಡರಲ್ಲೂ ಬೇರೆಯಾದರೂ ಕೆಲಸ ಮಾಡುವ ರೀತಿ ಒಂದೇ. ಸವಾರರು ಎದುರು ಸಿಕ್ಕಾಗಲೂ ಪತ್ರ ಬರೆದೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿದಿರಬೇಕಾದವು

ಕಾರ್ಬ್ಯುರೇಟರ್ ಟ್ಯೂನ್ ಮಾಡೋದು ಅಂದ್ರೆ ಆ ಎರಡು ಸ್ಕ್ರೂ ತಿರುಗಿಸೋದು, ಅಷ್ಟೇ ತಾನೆ?

ಅಷ್ಟೇ ಅಲ್ಲ. ಹೊರಗೆ ಕಾಣುವ ಆ ಎರಡು ಸ್ಕ್ರೂಗಳಲ್ಲಿ ಒಂದು, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡನ್ನು ಎತ್ತಿ ಹಿಡಿದು, ಆಕ್ಸಲರೇಟರ್ ಮುಟ್ಟದಿದ್ದಾಗಿನ ಐಡಲ್ ವೇಗವನ್ನು ನಿರ್ಧರಿಸುತ್ತದೆ. ಇನ್ನೊಂದು ಏರ್ ಸ್ಕ್ರೂ, ಆಕ್ಸಲರೇಟರ್ ಹೆಚ್ಚುಕಡಿಮೆ ಕಾಲುಭಾಗ ತೆರೆಯುವವರೆಗಿನ ಮಿಶ್ರಣವನ್ನಷ್ಟೇ ತಿದ್ದುತ್ತದೆ. ಉಳಿದದ್ದೆಲ್ಲ ಒಳಗಿದೆ: ಪೆಟ್ರೋಲನ್ನು ಅಳೆದು ಬಿಡುವ, ಸಣ್ಣ ತೂತಿನ ಹಿತ್ತಾಳೆಯ ಜೆಟ್ಟುಗಳು ಮತ್ತು ಸ್ಲೈಡಿನೊಂದಿಗೆ ಏರಿಳಿಯುವ ಸೂಜಿ. ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ಟಿನ ಆಳ್ವಿಕೆ. ಅಲ್ಲಿಂದ ಕಾಲುಭಾಗದ ಆಚೀಚೆಗೆ ಸ್ಲೈಡಿನ ಓರೆ ಕಡಿತ ಮತ್ತು ಸೂಜಿಯ ನೇರ ಭಾಗದ ದಪ್ಪ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯ ಕ್ಲಿಪ್ ಇರುವ ಮೆಟ್ಟಿಲು ಮತ್ತು ಸೂಜಿಯ ಇಳಿಜಾರು. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಈ ಗಡಿಗಳು ಗೆರೆ ಎಳೆದಂತೆ ಇರುವುದಿಲ್ಲ, ಒಂದರ ಪ್ರಭಾವ ಇನ್ನೊಂದರೊಳಕ್ಕೆ ಚಾಚಿರುತ್ತದೆ.

ಇಲ್ಲಿ ಎಂಜಿನ್ನಿನ ವೇಗಕ್ಕಿಂತ ಆಕ್ಸಲರೇಟರ್ ಎಷ್ಟು ತೆರೆದಿದೆ ಎಂಬುದೇ ಮುಖ್ಯ. ಹಿಡಿಕೆಯ ಮೇಲೊಂದು, ಪಕ್ಕದ ಸ್ವಿಚ್ ಕವಚದ ಮೇಲೊಂದು ಟೇಪ್ ತುಂಡು ಅಂಟಿಸಿ ಮುಚ್ಚಿದ್ದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿಕೊಳ್ಳಿ. ತೊಂದರೆ ಯಾವ ಗುರುತಿನಲ್ಲಿ ಕಾಣಿಸುತ್ತದೆ ಎಂದು ತಿಳಿದರೆ ಯಾವ ಭಾಗಕ್ಕೆ ಕೈ ಹಾಕಬೇಕು ಎಂಬುದು ಮುಕ್ಕಾಲು ಪಾಲು ಗೊತ್ತಾದಂತೆಯೇ.

ರಿಚ್, ಲೀನ್ ಅಂತಾರಲ್ಲ, ನನ್ನ ಗಾಡಿ ಯಾವುದು ಅಂತ ಹೇಗೆ ಗೊತ್ತಾಗೋದು?

ಗಾಳಿಯ ಪ್ರಮಾಣಕ್ಕೆ ಪೆಟ್ರೋಲು ಹೆಚ್ಚಾದರೆ ರಿಚ್, ಕಡಿಮೆಯಾದರೆ ಲೀನ್. ರಿಚ್ ಆದ ಎಂಜಿನ್ನಿನ ಸದ್ದು ತುಂಡು ತುಂಡಾಗಿ, ಗಂಟಲು ಕಟ್ಟಿದಂತೆ ಬರುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುವುದರಿಂದ ಇದನ್ನು ಫೋರ್-ಸ್ಟ್ರೋಕ್ ಹೊಡೆಯುವುದು ಎನ್ನುತ್ತಾರೆ. ಹೊಗೆ ಹೆಚ್ಚು, ಪ್ಲಗ್ ಕಪ್ಪಾಗಿ ಒದ್ದೆ. ಲೀನ್ ಆದ ಎಂಜಿನ್ನಿನ ಸದ್ದು ಚೂಪಾಗಿ, ಒಣಗಿದಂತೆ ಕೇಳುತ್ತದೆ. ಆಕ್ಸಲರೇಟರ್ ಬಿಟ್ಟರೂ ರೇಸ್ ತಕ್ಷಣ ಇಳಿಯದೆ ಮೇಲೆಯೇ ತೂಗಾಡುತ್ತದೆ, ಎಂಜಿನ್ ಬೇಗ ಕಾಯುತ್ತದೆ.

ಸಂಶಯವಿದ್ದರೆ ತೊಂದರೆ ಕೊಡುವ ಸ್ಥಾನದಲ್ಲೇ ಆಕ್ಸಲರೇಟರ್ ಹಿಡಿದು ಚೋಕನ್ನು ಒಂದು ಕ್ಷಣ ಎಳೆದು ನೋಡಿ. ಓಟ ಸುಧಾರಿಸಿದರೆ ಅಲ್ಲಿ ಪೆಟ್ರೋಲು ಸಾಲುತ್ತಿಲ್ಲ, ಕೆಟ್ಟರೆ ಈಗಾಗಲೇ ಸಾಕಷ್ಟಿದೆ. ಎರಡು ತಪ್ಪುಗಳೂ ಸಮನಲ್ಲ ಎಂಬುದು ನೆನಪಿರಲಿ. ರಿಚ್ ಆದರೆ ಪ್ಲಗ್ ಹಾಳಾದೀತು, ಲೀನ್ ಆದರೆ ಪಿಸ್ಟನ್ನೇ ಹೋಗುತ್ತದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು ಉರಿಯುವ ವಸ್ತು ಮಾತ್ರವಲ್ಲ, ಒಳಗೆ ಆವಿಯಾಗುತ್ತ ಎಂಜಿನ್ನನ್ನು ತಣಿಸುವುದೂ, ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಪ್ರೀಮಿಕ್ಸ್ ಗಾಡಿಯಲ್ಲಿ ಆಯಿಲನ್ನು ಬೇರಿಂಗಿಗೆ ಮುಟ್ಟಿಸುವುದೂ ಅದೇ.

ಜೆಟ್ ಬದಲಾಯಿಸೋಕೆ ಮುಂಚೆ ಏನೇನು ನೋಡ್ಕೋಬೇಕು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ನನ್ನ ಬಳಿಗೆ ‘ಜೆಟ್ಟಿಂಗ್ ಸರಿಯಿಲ್ಲ’ ಎಂದು ಬರುವ ಗಾಡಿಗಳಲ್ಲಿ ಹಲವನ್ನು ಜೆಟ್ ಮುಟ್ಟದೆಯೇ ಸರಿಮಾಡಿ ಕಳಿಸಿದ್ದೇನೆ. ಏರ್ ಫಿಲ್ಟರಿನ ಸ್ಪಂಜು ತೊಳೆದಿದೆಯೇ, ಅದಕ್ಕೆ ಹಾಕಿದ ಎಣ್ಣೆ ಅತಿಯಾಗಿ ಗಾಳಿಯನ್ನೇ ಕಟ್ಟಿಹಾಕಿದೆಯೇ ಎಂದು ಮೊದಲು ನೋಡಿ. ಕಾರ್ಬ್ಯುರೇಟರ್ ಮತ್ತು ಎಂಜಿನ್ನಿನ ನಡುವಿನ ರಬ್ಬರ್ ಬೂಟಿನಲ್ಲಿ ಬಿರುಕಿರಬಾರದು. ಮಿಶ್ರಣವನ್ನು ಎಂಜಿನ್ನಿನೊಳಕ್ಕೆ ಬಿಡುವ ರೀಡ್ ವಾಲ್ವಿನ ಎಸಳುಗಳನ್ನು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ಕಾಣಬಾರದು, ತುದಿ ಮುರಿದಿರಬಾರದು. ಹೊಸ ಪ್ಲಗ್, ಹೊಸ ಪೆಟ್ರೋಲು, ಸರಿಯಾದ ಕಂಪ್ರೆಷನ್ ಇರಲಿ. ಕಾರ್ಬ್ಯುರೇಟರಿನ ಅಡಿಯ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಎತ್ತರವನ್ನು ಆ ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಿ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಏರಿದ್ದರೆ ಎಲ್ಲ ಹಂತಗಳಲ್ಲೂ ರಿಚ್, ಇಳಿದಿದ್ದರೆ ಎಲ್ಲ ಹಂತಗಳಲ್ಲೂ ಲೀನ್ ಆಗುತ್ತದೆ, ಅದನ್ನು ಯಾವ ಜೆಟ್ಟೂ ಸರಿಪಡಿಸಲಾರದು.

ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿನ ಆಸುಪಾಸಿನದು. ಅದನ್ನು ತಂತಿಯಿಂದ ಚುಚ್ಚಿ ಶುಚಿಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ಗೀರಿದರೆ ಜೆಟ್ಟಿನ ಮೇಲಿನ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಕಾರ್ಬ್ ಕ್ಲೀನರ್ ಸಿಂಪಡಿಸಿ ಗಾಳಿ ಊದಿದರೆ ಸಾಕು, ಹಠಮಾರಿ ಕಸಕ್ಕೆ ಗಾಳದ ನೈಲಾನ್ ದಾರ ಬಳಸಬಹುದು.

ಆಯಿಲ್ ಜಾಸ್ತಿ ಹಾಕಿದ್ರೆ ಮಿಕ್ಸ್ಚರ್ ರಿಚ್ ಆಗುತ್ತೆ ಅಲ್ವಾ ಸಾರ್?

ಇಲ್ಲ, ವಾಸ್ತವ ಅದಕ್ಕೆ ತಿರುಗುಮುರುಗು. ರಿಚ್ ಮತ್ತು ಲೀನ್ ಎಂಬ ಮಾತುಗಳು ಗಾಳಿ ಮತ್ತು ಪೆಟ್ರೋಲಿನ ಪ್ರಮಾಣಕ್ಕೆ ಸಂಬಂಧಿಸಿದವು, ಆಯಿಲಿಗಲ್ಲ. ಜೆಟ್ಟಿನ ತೂತಿನಲ್ಲಿ ಆಯಿಲ್ ಹೆಚ್ಚು ಜಾಗ ಹಿಡಿದರೆ ಅಷ್ಟು ಪೆಟ್ರೋಲು ಕಡಿಮೆ ಹರಿಯುತ್ತದೆ. 32:1 (32 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಇದ್ದದ್ದನ್ನು 20:1 ಮಾಡಿದರೆ ಪೆಟ್ರೋಲಿನ ಪಾಲು ಸುಮಾರು ಶೇ 2ರಷ್ಟು ಇಳಿದು, ಅಷ್ಟರಮಟ್ಟಿಗೆ ಮಿಶ್ರಣ ಲೀನ್ ಆಗುತ್ತದೆ. ಆದ್ದರಿಂದ ಟ್ಯೂನಿಂಗ್ ಆರಂಭಿಸುವ ಮೊದಲೇ ಒಂದು ಅನುಪಾತವನ್ನೂ ಒಂದೇ ಆಯಿಲನ್ನೂ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. 5 ಲೀಟರ್ ಪೆಟ್ರೋಲಿಗೆ 32:1 ಎಂದರೆ 156 ಮಿಲಿಲೀಟರ್, 40:1 ಎಂದರೆ 125 ಮಿಲಿಲೀಟರ್; ಕಣ್ಣಳತೆ ಬೇಡ, ಅಳತೆ ಲೋಟ ಬಳಸಿ.

ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಪ್ರತ್ಯೇಕ ಪಂಪಿದೆ. ರೇಸಿಗೆಂದು ಆ ಪಂಪನ್ನು ತೆಗೆದವರು ಟ್ಯಾಂಕಿನಲ್ಲೇ ಆಯಿಲ್ ಬೆರೆಸಬೇಕು ಎಂಬುದನ್ನು ಗಾಡಿ ಕೊಳ್ಳುವವರಿಗೆ ಹೇಳದೆ ಮಾರಿದ ಪ್ರಸಂಗಗಳನ್ನು ಕಂಡಿದ್ದೇನೆ. ಹಳೆಯ ಗಾಡಿ ಕೊಂಡವರು ಮೊದಲ ದಿನವೇ ಇದನ್ನು ಖಚಿತಪಡಿಸಿಕೊಳ್ಳಿ.

## ಕೈ ಹಾಕುವ ಹೊತ್ತಿನವು

ಯಾವುದರಿಂದ ಶುರು ಮಾಡ್ಬೇಕು, ಪೈಲಟ್ಟೋ ಮೇನೋ?

ಇದರಲ್ಲಿ ಅನುಭವಸ್ಥರಲ್ಲೇ ಭಿನ್ನಾಭಿಪ್ರಾಯವಿದೆ. ನಾನು ಮಾಡುವ ಕ್ರಮ ಹೀಗೆ: ಗಾಡಿ ನಿಂತು ಓಡುವಷ್ಟಕ್ಕೆ ಐಡಲನ್ನು ಒರಟಾಗಿ ಹೊಂದಿಸಿ, ಮೊದಲು ಮೇನ್ ಜೆಟ್ ಸರಿಮಾಡಿ, ಆಮೇಲೆ ಸೂಜಿ, ಕೊನೆಗೆ ಮತ್ತೆ ಪೈಲಟ್ ಮತ್ತು ಏರ್ ಸ್ಕ್ರೂ. ಮೇನ್ ಜೆಟ್ ದಾರಿ ತಪ್ಪಿದ್ದರೆ ಪೂರ್ತಿ ರೇಸಿನಲ್ಲಿ ಎಂಜಿನ್ ಹೋಗುವ ಅಪಾಯವಿರುವುದರಿಂದ ಅದಕ್ಕೆ ಮೊದಲ ಮಣೆ. ಯಾವ ಕ್ರಮವನ್ನೇ ಹಿಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ದಿನಾಂಕ, ಊರು, ಹವೆಯ ಉಷ್ಣತೆ, ಪೆಟ್ರೋಲು, ಜೆಟ್ ಸಂಖ್ಯೆ, ಕ್ಲಿಪ್ಪಿನ ಮೆಟ್ಟಿಲು, ಸ್ಕ್ರೂ ಎಷ್ಟು ಸುತ್ತು ಹೊರಗಿದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವರ್ಷದ ಅಂಥ ಪುಸ್ತಕ ಯಾವ ಮೆಕ್ಯಾನಿಕ್ಕಿನ ನೆನಪಿಗಿಂತಲೂ ಹೆಚ್ಚು ನಂಬಿಕೆಗೆ ಅರ್ಹ.

ಏರ್ ಸ್ಕ್ರೂ ಒಳಗೆ ತಿರುಗಿಸಿದ್ರೆ ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇಬ್ಬರೂ ಸರಿ ಹೇಳುತ್ತಿರಬಹುದು, ಏಕೆಂದರೆ ಸ್ಕ್ರೂಗಳಲ್ಲಿ ಎರಡು ಜಾತಿ. ಏರ್ ಫಿಲ್ಟರಿನ ಕಡೆಗಿರುವುದು ಗಾಳಿಯನ್ನು ನಿಯಂತ್ರಿಸುತ್ತದೆ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ರಿಚ್ ಆಗುತ್ತದೆ. ಎಂಜಿನ್ನಿನ ಕಡೆಗಿರುವುದು ಪೆಟ್ರೋಲನ್ನು ನಿಯಂತ್ರಿಸುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಲೀನ್. ಡರ್ಟ್ ಬೈಕುಗಳ ಟೂ-ಸ್ಟ್ರೋಕ್ ಕಾರ್ಬ್ಯುರೇಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯದು.

ಎಂಜಿನ್ ಚೆನ್ನಾಗಿ ಕಾದ ಮೇಲೆ ಏರ್ ಸ್ಕ್ರೂವನ್ನು ಮೆಲ್ಲಗೆ ಕೊನೆಯವರೆಗೆ ಮುಚ್ಚಿ, ಒತ್ತಿ ಬಿಗಿಯದೆ, ಒಂದೂವರೆ ಸುತ್ತು ಹೊರಗೆ ತನ್ನಿ. ಅಲ್ಲಿಂದ ಕಾಲು ಕಾಲು ಸುತ್ತು ಅತ್ತಿತ್ತ ತಿರುಗಿಸಿ ಐಡಲ್ ಎಲ್ಲಿ ಅತಿ ಹೆಚ್ಚಾಗುತ್ತದೆಯೋ ಅಲ್ಲಿ ನಿಲ್ಲಿಸಿ, ಬಳಿಕ ಐಡಲ್ ಸ್ಕ್ರೂವಿನಿಂದ ವೇಗ ಇಳಿಸಿ. ಆ ಸ್ಥಾನ ಒಂದರಿಂದ ಎರಡೂವರೆ ಸುತ್ತುಗಳ ನಡುವೆ ಸಿಕ್ಕರೆ ಪೈಲಟ್ ಜೆಟ್ ಸರಿಯಿದೆ. ಒಂದಕ್ಕಿಂತ ಕಡಿಮೆಯಲ್ಲಿ ಸಿಕ್ಕರೆ ದೊಡ್ಡ ಪೈಲಟ್ ಬೇಕು, ಎರಡೂವರೆ ದಾಟಿದರೆ ಚಿಕ್ಕದು.

ಗಕ್ಕನೆ ಆಕ್ಸಲರೇಟರ್ ಕೊಟ್ರೆ ಗಾಡಿ ಒಂದು ಕ್ಷಣ ಸತ್ತು ಆಮೇಲೆ ಎಗರುತ್ತೆ, ಯಾಕಣ್ಣ?

ಮುಚ್ಚಿದ ಸ್ಥಿತಿಯಿಂದ ಒಮ್ಮೆಲೇ ತೆರೆದಾಗ ಗಾಳಿ ಥಟ್ಟನೆ ನುಗ್ಗುತ್ತದೆ, ಪೆಟ್ರೋಲು ಹಿಂದುಳಿಯುತ್ತದೆ. ಪೈಲಟ್ ಹಂತ ತುಸು ಲೀನ್ ಇದ್ದರೆ ಆ ಅಂತರ ‘ಬ್ವಾ’ ಎಂಬ ಟೊಳ್ಳು ಸದ್ದಾಗಿ ಕೇಳಿ, ಗಾಡಿ ಅಲ್ಲೇ ಸೋಲುತ್ತದೆ. ಏರ್ ಸ್ಕ್ರೂವನ್ನು ಅರ್ಧ ಸುತ್ತು ಒಳಗೆ ಕೊಟ್ಟು ನೋಡಿ. ತೊಂದರೆ ಕಡಿಮೆಯಾದರೆ ದಾರಿ ಸಿಕ್ಕಿತು. ಬದಲಿಗೆ ಸದ್ದು ಬುಡುಬುಡು ಎಂದು ಗಂಟಲು ಕಟ್ಟಿದರೆ ಆಗಲೇ ರಿಚ್ ಇದೆ, ಸ್ಕ್ರೂವನ್ನು ಹೊರಕ್ಕೆ ತನ್ನಿ. ಎರಡಕ್ಕೂ ಬಗ್ಗದಿದ್ದರೆ ರೀಡ್ ಎಸಳುಗಳನ್ನು ಇನ್ನೊಮ್ಮೆ ನೋಡಿ.

ಮೇನ್ ಜೆಟ್ ಸರಿ ಇದೆಯಾ ಅಂತ ಪ್ಲಗ್ ಬಣ್ಣ ನೋಡಿ ಹೇಳಬಹುದಾ?

ಹೇಳಬಹುದು, ಆದರೆ ಮನೆಗೆ ಬಂದು ಬಿಚ್ಚಿದ ಪ್ಲಗ್ಗಿನಿಂದಲ್ಲ. ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಬರುವಷ್ಟರಲ್ಲಿ ಪೈಲಟ್ ಹಂತದ ಮಸಿ ಅದರ ಮೇಲೆ ಕೂತಿರುತ್ತದೆ. ಹೊಸ ಪ್ಲಗ್ ಹಾಕಿ, ಎಂಜಿನ್ ಕಾದ ಮೇಲೆ ಮುಚ್ಚಿದ ಟ್ರ್ಯಾಕಿನ ಉದ್ದನೆಯ ನೇರದಲ್ಲಿ, ಸಾಧ್ಯವಾದರೆ ತುಸು ಏರಿನಲ್ಲಿ, ಪೂರ್ತಿ ಆಕ್ಸಲರೇಟರಿನಲ್ಲಿ ಓಡಿಸಿ, ಹಾಗೆಯೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ ಅಲ್ಲೇ ಪ್ಲಗ್ ಬಿಚ್ಚಬೇಕು. ನೋಡಬೇಕಾದದ್ದು ಪಿಂಗಾಣಿಯ ತುದಿಯನ್ನಲ್ಲ, ಅದು ಒಳಗೆ ಲೋಹವನ್ನು ಸೇರುವ ಬುಡದ ಉಂಗುರವನ್ನು; ಅಲ್ಲಿ ತೆಳುವಾದ ಕಂದು ಮಸಿಯ ಉಂಗುರವಿದ್ದರೆ ಒಳ್ಳೆಯದು, ಏನೂ ಇಲ್ಲದೆ ಬಿಳಿಯಾಗಿದ್ದರೆ ಲೀನ್.

ಇಂದಿನ ಪೆಟ್ರೋಲಿನಲ್ಲಿ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲವಾದ್ದರಿಂದ ನಾನು ಓಟದ ಪರೀಕ್ಷೆಗೇ ಹೆಚ್ಚು ಬೆಲೆ ಕೊಡುತ್ತೇನೆ. ಖಂಡಿತವಾಗಿ ರಿಚ್ ಎನಿಸುವ ದೊಡ್ಡ ಜೆಟ್ಟಿನಿಂದ ಆರಂಭಿಸಿ, ಪೂರ್ತಿ ತೆರೆದಾಗ ಬುಡುಬುಡು ಸದ್ದು ಹೋಗಿ ಸ್ವರ ತಿಳಿಯಾಗುವವರೆಗೆ ಒಂದೊಂದೇ ಸಂಖ್ಯೆ ಇಳಿಸುತ್ತ ಬನ್ನಿ. ಪೂರ್ತಿ ತೆರೆದ ಆಕ್ಸಲರೇಟರನ್ನು ಚೂರು ಹಿಂದಕ್ಕೆ ಬಿಟ್ಟಾಗ ಗಾಡಿ ಇನ್ನೂ ಬಿರುಸಾದರೆ ಮೇನ್ ಜೆಟ್ ಚಿಕ್ಕದಾಗಿದೆ, ಆ ಕ್ಷಣವೇ ನಿಲ್ಲಿಸಬೇಕು. ಚಿಕ್ಕದರಿಂದ ಆರಂಭಿಸಿ ದೊಡ್ಡದಕ್ಕೆ ಹೋಗುವ ದಾರಿಯನ್ನು ಯಾರೂ ಹಿಡಿಯಬಾರದು.

ಸೂಜಿ ಕ್ಲಿಪ್ ಮೇಲಿನ ಮೆಟ್ಟಿಲಿಗೆ ಹಾಕಿದ್ರೆ ಏನಾಗುತ್ತೆ?

ಕ್ಲಿಪ್ ಮೇಲೇರಿದರೆ ಸೂಜಿ ಕೆಳಗಿಳಿಯುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಕ್ಲಿಪ್ಪನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದರೆ ಸೂಜಿ ಎದ್ದು ರಿಚ್. ಮಣ್ಣಿನಲ್ಲಿ ಓಡಿಸುವವರು ಹೆಚ್ಚು ಹೊತ್ತು ಇರುವುದು ಕಾಲು ಮತ್ತು ಮುಕ್ಕಾಲಿನ ನಡುವೆಯೇ ಆದ್ದರಿಂದ, ಗಾಡಿಯ ಸುಖವೆಲ್ಲ ಈ ಒಂದು ಕ್ಲಿಪ್ಪಿನಲ್ಲಿದೆ ಎಂದರೆ ತಪ್ಪಲ್ಲ.

ಸೈಲೆನ್ಸರ್‌ನಿಂದ ಕಪ್ಪು ಆಯಿಲ್ ತೊಟ್ಟಿಕ್ಕುತ್ತೆ, ಆಯಿಲ್ ಕಮ್ಮಿ ಮಾಡ್ಲಾ?

ಬೇಡ. ಅದು ಹೆಚ್ಚಾಗಿ ರಿಚ್ ಜೆಟ್ಟಿಂಗಿನ ಗುರುತು, ಇಲ್ಲವೇ ಎಂಜಿನ್ ಕಾಯುವ ಮೊದಲೇ ನಿಲ್ಲಿಸಿ ನಿಲ್ಲಿಸಿ ಓಡಿಸಿದ್ದರ ಫಲ. ಪೈಲಟ್ ಮತ್ತು ಸೂಜಿಯನ್ನು ಸರಿಪಡಿಸಿದರೆ ಅದೇ ಅನುಪಾತದಲ್ಲೂ ತೊಟ್ಟಿಕ್ಕುವುದು ನಿಲ್ಲುತ್ತದೆ.

## ನಮ್ಮ ನೆಲ, ನಮ್ಮ ಹವೆ, ನಮ್ಮ ಪೆಟ್ರೋಲು

ಬೆಂಗಳೂರಲ್ಲಿ ಪಕ್ಕಾ ಟ್ಯೂನ್ ಆಗಿದ್ದ ಗಾಡಿ ಮಂಗಳೂರಲ್ಲಿ ಯಾಕೆ ಬೇರೆ ಥರ ಓಡುತ್ತೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇ 8ರಷ್ಟು ತೆಳು. ಗಾಳಿ ತೆಳುವಾದಾಗ ಜೆಟ್ಟಿನಿಂದ ಎಳೆಯುವ ಪೆಟ್ರೋಲೂ ಇಳಿಯುತ್ತದೆ, ಆದರೆ ಗಾಳಿ ಇಳಿದಷ್ಟು ಇಳಿಯುವುದಿಲ್ಲ. ಸುಮಾರು ಅರ್ಧದಷ್ಟೇ ಇಳಿಯುತ್ತದೆ. ಆದ್ದರಿಂದ ಕರಾವಳಿಗೆ ಹೊಂದಿಸಿದ ಗಾಡಿ ಬೆಂಗಳೂರಿನಲ್ಲಿ ಶೇ 4ರಷ್ಟು ರಿಚ್, ಸುಮಾರು 1,900 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಶೇ 10ರ ಹತ್ತಿರ ರಿಚ್ ಆಗುತ್ತದೆ. ಏರುವವನಿಗೆ ಇದರಿಂದ ಕಿರಿಕಿರಿ ಮಾತ್ರ. ಇಳಿಯುವವನಿಗೆ ಅಪಾಯ, ಏಕೆಂದರೆ ಬೆಂಗಳೂರಿಗೆ ಅಂಚಿನವರೆಗೆ ಟ್ಯೂನ್ ಮಾಡಿದ ಗಾಡಿ ಕರಾವಳಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಲೀನ್ ಆಗುತ್ತದೆ. ಕರಾವಳಿಯ ಸೆಕೆ ಆ ವ್ಯತ್ಯಾಸವನ್ನು ತುಸು ತಗ್ಗಿಸುತ್ತದೆ, ಬಿಸಿ ಗಾಳಿಯೂ ತೆಳು ತಾನೆ. ಆದರೆ ಪೂರ್ತಿ ಅಳಿಸುವುದಿಲ್ಲ.

ನಾನೇ ಒಮ್ಮೆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹದಮಾಡಿದ ಎಂಜಿನ್ನನ್ನು ಅದೇ ವಾರ ಕರಾವಳಿಗೆ ಒಯ್ದು, ಬೆಳಗಿನ ತಂಪಿನಲ್ಲಿ ಜೆಟ್ ಬದಲಿಸದೆ ಟ್ರ್ಯಾಕಿಗೆ ಇಳಿಸಿ, ಮೂರನೇ ಸುತ್ತಿನಲ್ಲಿ ಪಿಸ್ಟನ್ ಕಳೆದುಕೊಂಡಿದ್ದೇನೆ. ಅಂದಿನಿಂದ ಘಟ್ಟ ಇಳಿಯುವ ಮೊದಲು ಒಂದು ಅಥವಾ ಎರಡು ಸಂಖ್ಯೆ ದೊಡ್ಡ ಮೇನ್ ಜೆಟ್ ಹಾಕದೆ ಹೊರಟದ್ದಿಲ್ಲ.

ಘಾಟಿ ಇಳಿಯುವಾಗ ಆಕ್ಸಲರೇಟರ್ ಬಿಟ್ಟು ಗೇರ್‌ನಲ್ಲೇ ಇಳಿಸಬಹುದಾ?

ಪ್ರೀಮಿಕ್ಸ್ ಗಾಡಿಯಲ್ಲಿ ಬಹಳ ಹೊತ್ತು ಹಾಗೆ ಮಾಡಬಾರದು. ಚಾರ್ಮಾಡಿಯಂಥ ಉದ್ದನೆಯ ಇಳಿಜಾರಿಗೆ ಹೋಲುವ ತೋಟದ ದಾರಿಯಲ್ಲಿ ಆಕ್ಸಲರೇಟರ್ ಮುಚ್ಚಿದ್ದರೂ ಚಕ್ರ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತದೆ. ಪೈಲಟ್ ಜೆಟ್ಟಿನಿಂದ ಬರುವ ಚೂರು ಪೆಟ್ರೋಲಿನೊಂದಿಗೆ ಚೂರೇ ಆಯಿಲ್ ಬರುತ್ತದೆ. ಆಗಾಗ ಕ್ಲಚ್ ಹಿಡಿದು ಎರಡು ಸಲ ರೇಸ್ ಕೊಡಿ, ಬೇರಿಂಗಿಗೆ ಆಯಿಲ್ ಮುಟ್ಟಲಿ.

ಇ20 ಪೆಟ್ರೋಲ್ ಬಂದ ಮೇಲೆ ಹಳೆ ಜೆಟ್ ಸಾಕಾ?

ಸಾಲದಿರುವ ಸಾಧ್ಯತೆಯೇ ಹೆಚ್ಚು. ಶೇ 20ರಷ್ಟು ಎಥನಾಲ್ ಬೆರೆಸಿದ ಈ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಗಾಳಿ ಅಷ್ಟೇ ಇರುವಾಗ ಎಥನಾಲ್ ಬೆರೆತ ಇಂಧನ ಹೆಚ್ಚು ಹರಿಯಬೇಕು. ಇ10ರಿಂದ ಇ20ಕ್ಕೆ ಬಂದರೆ ಮಿಶ್ರಣ ಶೇ 4ರಷ್ಟು ಲೀನ್ ಆಗುತ್ತದೆ. ಇದು ಬೆಂಗಳೂರಿನಿಂದ ಸಮುದ್ರಕ್ಕೆ ಇಳಿದಷ್ಟೇ ವ್ಯತ್ಯಾಸ ಎಂಬುದನ್ನು ಗಮನಿಸಿ. ಹಳೆಯ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಕೂರಿಸಿದ ಜೆಟ್ಟಿನಲ್ಲೇ ಇ20 ತುಂಬಿಸಿ ಕರಾವಳಿಯಲ್ಲಿ ಓಡಿಸಿದರೆ ಎರಡೂ ಕೂಡಿ ಶೇ 8ರ ಹತ್ತಿರವಾಗುತ್ತದೆ. ಅಷ್ಟನ್ನು ತಾಳುವ ಅಂತರ ರೇಸ್ ಎಂಜಿನ್ನಿನಲ್ಲಿ ಇರುವುದಿಲ್ಲ.

ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಫ್ಲೋಟ್ ಬಟ್ಟಲನ್ನು ಖಾಲಿಮಾಡಿಯೇ ನಿಲ್ಲಿಸಿ, ಹಳೆಯ ರಬ್ಬರ್ ಓ-ರಿಂಗುಗಳನ್ನು ಬದಲಿಸಿ, ಬೆರೆಸಿಟ್ಟ ಪ್ರೀಮಿಕ್ಸನ್ನು ತಿಂಗಳುಗಟ್ಟಲೆ ಇಡಬೇಡಿ.

ಹಳ್ಳ ದಾಟಿದ ಕೂಡಲೇ ಗಾಡಿ ಉಸಿರು ಕಟ್ಟುತ್ತೆ. ನೀರು ಒಳಗೆ ಹೋಗಿದೆಯಾ?

ಹೋಗಿಲ್ಲದೆಯೂ ಹಾಗಾಗುತ್ತದೆ. ಫ್ಲೋಟ್ ಬಟ್ಟಲಿಗೆ ಗಾಳಿಯಾಡಲು ಬಿಟ್ಟ ರಬ್ಬರ್ ಕೊಳವೆಗಳ ಬಾಯಿ ನೀರಿನಲ್ಲೋ ಕೆಸರಿನಲ್ಲೋ ಮುಚ್ಚಿಹೋದರೆ ಪೆಟ್ರೋಲು ಮೇಲೇಳುವುದಿಲ್ಲ. ಒಂದೆರಡು ಕೊಳವೆಗಳನ್ನು ಮೇಲಕ್ಕೆ ತಿರುಗಿಸಿ ಟ್ಯಾಂಕಿನ ಅಡಿಯವರೆಗೆ ಒಯ್ದು ಕಟ್ಟಿ.

## ಇನ್ನೂ ಒಳಕ್ಕೆ ಇಳಿಯುವವರಿಗೆ

ಮಿಕುನಿ ಜೆಟ್ ನಂಬರ್, ಕೈಹಿನ್ ಜೆಟ್ ನಂಬರ್ ಒಂದೇನಾ?

ಒಂದಲ್ಲ. ಇವೆರಡೂ ಕಾರ್ಬ್ಯುರೇಟರ್ ಮಾಡುವ ಕಂಪನಿಗಳು, ಇಬ್ಬರ ಲೆಕ್ಕ ಬೇರೆ. ಕೈಹಿನ್ ಮೇನ್ ಜೆಟ್ಟಿನ ಸಂಖ್ಯೆ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 170 ಎಂದರೆ 1.70 ಮಿಲಿಮೀಟರ್. ಮಿಕುನಿಯ ಷಟ್ಕೋನ ತಲೆಯ ಜೆಟ್ಟಿನ ಸಂಖ್ಯೆ ಅದರ ಮೂಲಕ ಹರಿಯುವ ಇಂಧನದ ಪ್ರಮಾಣವನ್ನು ಹೇಳುತ್ತದೆ. ಇದರ ಪರಿಣಾಮ ಲೆಕ್ಕದಲ್ಲೂ ಇದೆ: ಹರಿವು ಶೇ 4ರಷ್ಟು ತಗ್ಗಬೇಕಾದರೆ ಹರಿವಿನ ಸಂಖ್ಯೆ ಶೇ 4ರಷ್ಟು, ವ್ಯಾಸದ ಸಂಖ್ಯೆ ಶೇ 2ರಷ್ಟು ಮಾತ್ರ ಇಳಿಯಬೇಕು. ನಕಲಿ ಜೆಟ್ಟುಗಳ ಮೇಲಿನ ಸಂಖ್ಯೆಯನ್ನು ಯಾವ ಲೆಕ್ಕಕ್ಕೂ ತೆಗೆದುಕೊಳ್ಳುವಂತಿಲ್ಲ.

ಆರ್‌ಎಕ್ಸ್‌ಗೆ 28 ಎಂಎಂ ಕಾರ್ಬ್ ಹಾಕಿಸಿದೆ, ಪಿಕಪ್ಪೇ ಹೋಯ್ತು. ಯಾವ ಜೆಟ್ ಹಾಕಲಿ?

ಜೆಟ್ಟಿನಿಂದ ಪೂರ್ತಿ ಸರಿಹೋಗುವ ವಿಷಯ ಇದಲ್ಲ. ಪೆಟ್ರೋಲನ್ನು ಮೇಲಕ್ಕೆಳೆಯುವುದು ಕಾರ್ಬ್ಯುರೇಟರಿನ ಕಂಠದಲ್ಲಿ ಹರಿಯುವ ಗಾಳಿಯ ವೇಗ. 98 ಸಿಸಿಯ ಎಂಜಿನ್ ಕಡಿಮೆ ವೇಗದಲ್ಲಿ ಎಳೆಯುವ ಗಾಳಿಗೆ ಅಗಲವಾದ ಕಂಠ ಕೊಟ್ಟರೆ ಆ ವೇಗ ಕುಸಿಯುತ್ತದೆ, ಎಳೆತ ದುರ್ಬಲವಾಗುತ್ತದೆ. ಪೋರ್ಟ್ ತಿದ್ದದೆ, ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಷನ್ ಚೇಂಬರ್ ಸೈಲೆನ್ಸರ್ ಇಲ್ಲದೆ ದೊಡ್ಡ ಕಾರ್ಬ್ ಹಾಕುವುದು ಕಲ್ಲುಮಣ್ಣಿನ ಏರಿನಲ್ಲಿ ಓಡಿಸುವವರಿಗೆ ನಷ್ಟ. ಮೂಲ ಕಾರ್ಬ್ಯುರೇಟರನ್ನೇ ಚೆನ್ನಾಗಿ ಹೊಂದಿಸಿದ ಗಾಡಿ ತೋಟದ ತಿರುವುಗಳಲ್ಲಿ ಅಂಥದ್ದನ್ನು ಹಿಂದಿಕ್ಕುವುದನ್ನು ನೋಡಿದ್ದೇನೆ.

ಎಲ್ಲಾ ಸರಿ ಇದೆ, ಆದ್ರೆ ಕಾಲುಭಾಗದಲ್ಲಿ ಮಾತ್ರ ರಿಚ್ ಹೋಗಲ್ಲ.

ಹಳೆಯ ಗಾಡಿಯಾದರೆ ಸೂಜಿ ಕೂರುವ ನೀಡಲ್ ಜೆಟ್ಟನ್ನು ಅನುಮಾನಿಸಿ. ಸಾವಿರಾರು ಸಲ ಉಜ್ಜಿ ಅದರ ದುಂಡು ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಸೂಜಿ ಮತ್ತು ನೀಡಲ್ ಜೆಟ್ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಪಿಸ್ಟನ್ ಸೀಜ್ ಆಯ್ತು. ಹೊಸ ಪಿಸ್ಟನ್ ಹಾಕಿ ದೊಡ್ಡ ಜೆಟ್ ಹಾಕಿದ್ರೆ ಆಯ್ತಲ್ಲ?

ಕಾರಣ ತಿಳಿಯುವ ಮೊದಲು ಹೊಸ ಪಿಸ್ಟನ್ ಹಾಕಬೇಡಿ. ಹಳೆಯದನ್ನು ಬಿಸಾಡದೆ ಕೈಯಲ್ಲಿ ಹಿಡಿದು ಓದಿ. ಗೀರುಗಳು ಎಕ್ಸಾಸ್ಟ್ ಕಡೆ ಹೆಚ್ಚಿದ್ದರೆ ಲೀನ್ ಓಟದ ಸಂಶಯ ಬಲವಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಸಮನಾಗಿದ್ದರೆ ಎಂಜಿನ್ ಕಾಯುವ ಮೊದಲೇ ಎಳೆದಿದ್ದೀರಿ, ಇಲ್ಲವೇ ಬೋರಿನ ಅಂತರ ಬಿಗಿಯಾಗಿತ್ತು. ನೆತ್ತಿ ಕರಗಿ ತೂತಾಗಿದ್ದರೆ ಇಗ್ನಿಷನ್ ಟೈಮಿಂಗನ್ನೂ ಪರೀಕ್ಷಿಸಬೇಕು.

ಲೀನ್ ಆದದ್ದು ಜೆಟ್ಟಿನಿಂದಲೇ ಎಂದೂ ಹೇಳುವಂತಿಲ್ಲ. ಕ್ರ್ಯಾಂಕಿನ ಮ್ಯಾಗ್ನೆಟೋ ಕಡೆಯ ಆಯಿಲ್ ಸೀಲ್ ಹೋಗಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ, ಐಡಲ್ ಏರಿಳಿಯುತ್ತದೆ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ, ಗೇರ್ ಆಯಿಲಿನ ಮಟ್ಟ ಇಳಿಯುತ್ತದೆ. ಹೊಸ ಪಿಸ್ಟನ್ ಕೂರಿಸಿ ಎಂಜಿನ್ ಜೋಡಿಸಿದ ಮೇಲೆ, ಕಿಕ್ ಹೊಡೆಯುವ ಮೊದಲು, ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ 6 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿ. ಒತ್ತಡ ಕೆಲವು ನಿಮಿಷ ನಿಲ್ಲಬೇಕು. ಬೇಗ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಿ, ಆ ಸೋರಿಕೆ ನಿಂತ ಮೇಲಷ್ಟೇ ಜೆಟ್ಟಿನ ಡಬ್ಬಿ ತೆರೆಯಿರಿ.